ಗುರುಬಸವಣ್ಣ ತೆರೆದ ಲಗ್ನಪತ್ರಿಕೆ

ಇಪ್ಪತ್ತೆರಡು ವರ್ಷದಿಂದ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಒಬ್ಬನೇ ಒಬ್ಬ ಗಿರಾಕಿಯೂ ನನ್ನ ಟೇಬಲ್ಲಿನ ಮುಂದೆ ನಿಂತು ‘ತಪ್ಪು ನನ್ನದು’ ಅಂದಿಲ್ಲ. ಕೀಬೋರ್ಡಿನ ಮೇಲೆ ಚಹಾ ತಾನಾಗಿಯೇ ಚೆಲ್ಲಿರುತ್ತದೆ. ಲ್ಯಾಪ್‌ಟಾಪು ತಾನಾಗಿಯೇ ಕಟ್ಟೆಯಿಂದ ಹಾರಿರುತ್ತದೆ. ವೈರಸ್ಸಂತೂ ಸಂಜೆಯ ಸೊಳ್ಳೆಯ ಹಾಗೆ ಕಿಟಕಿಯಿಂದ ಬಂದಿರುತ್ತದೆ. "ಏನೂ ಮಾಡಿಲ್ಲರಿ ಇಮಾಮಹುಸೇನವ್ರ, ಸುಮ್ನ ಕುಂತಿದ್ನಿ, ಒಮ್ಮಿಂದೊಮ್ಮೆಲೆ ಹಿಂಗಾತು." ಈ ಮಾತನ್ನು ಎಷ್ಟು ಕೇಳಿದ್ದೇನೆಂದರೆ, ಈಗೀಗ ಗಿರಾಕಿ ಬಾಯಿ ತೆರೆಯುವ ಮೊದಲೇ ನನ್ನ ಹುಬ್ಬು ಗಂಟಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಗಿರಾಕಿಗಳ ನೆಲ ಇಪ್ಪತ್ತೆರಡು ವರ್ಷದಿಂದ ಡೊಂಕಾಗಿಯೇ ಇದೆ.

ಅಂಥವರ ಸಾಲಿನಲ್ಲಿ ಎದೆಯುಬ್ಬಿಸಿ ಮುಂದೆ ನಿಲ್ಲುವವನು ಕಮರಿಪೇಟೆಯ ಗುರುಬಸವಣ್ಣ. ಎದುರಿಗೆ ನಾನು ಅವನಿಗೆ ‘ರಿ’ ಹಚ್ಚಿಯೇ ಮಾತಾಡುತ್ತೇನೆ. ಬರೆಯುವಾಗಲೂ ಹಚ್ಚಬೇಕೆಂದು ಯಾವ ಕಾಯಿದೆಯೂ ಇಲ್ಲ. ಅರವತ್ತರ ಹತ್ತಿರದ ಆಳು. ಅವನ ಅಜ್ಜ ಅರಳೆ ವ್ಯಾಪಾರದಲ್ಲಿ ಹೆಸರು ಮಾಡಿದವನು, ಅಪ್ಪ ಆ ಹೆಸರಿನ ಮೇಲೆ ಕೂತು ಉಂಡವನು, ಇವನು ಆ ಹೆಸರು ಹೇಳಿಕೊಂಡು ತಿರುಗುವವನು. ಮೂವತ್ತು ವರ್ಷದಿಂದ ಪ್ರೆಸ್ ಇಟ್ಟಿದ್ದಾನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಅಂಗಡಿಯ ಬಿಲ್ಲು, ಪುಣ್ಯಸ್ಮರಣೆಯ ಕರಪತ್ರ ಎಲ್ಲ ಅಲ್ಲಿ ಅಚ್ಚಾಗುತ್ತವೆ. ಹಾಗೆಂದು ಅವನಿಗೆ ಕೆಲಸ ಬರುತ್ತದೆ ಎಂದುಕೊಳ್ಳಬೇಡಿ. ಕಂಪ್ಯೂಟರಿನಲ್ಲಿ ಕನ್ನಡದ ಒಂದು ಸಾಲು ಹೊಡೆಯಲು ಬಾರದು. ಬಾಗಿಲ ಹತ್ತಿರದ ತಿರುಗುಕುರ್ಚಿಯಲ್ಲಿ ಕೂತು, ಬೇರೆ ಪ್ರೆಸ್ಸಿನವರ ಲಗ್ನಪತ್ರಿಕೆಗಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದಕ್ಕ ಪತ್ರಿಕಿ ಅಂತಾರ?" ಎಂದು ಬೀಸಾಡುವುದು ಅವನ ದಿನದ ಕಸುಬು.

ಕೆಲಸ ಮಾಡುವವರು ಬೇರೆ ಇದ್ದರು. ದಾಕ್ಷಾಯಿಣಿ ಎಂದು ಅವರ ಹೆಸರು, ನಲವತ್ತರ ಆಸುಪಾಸು. ಹನ್ನೊಂದು ವರ್ಷದಿಂದ ಆ ಪ್ರೆಸ್ಸಿನ ಕಂಪ್ಯೂಟರ್ ಮುಂದೆ ಕೂತು ಅಕ್ಷರ ಜೋಡಿಸುವುದು, ಚಿತ್ರ ಕೂರಿಸುವುದು, ಗಿರಾಕಿಯ ತಪ್ಪು ತಿದ್ದುವುದು, ಪ್ರೆಸ್ಸಿನ ಮೇಲ್ ನೋಡುವುದು, ಎಲ್ಲ ಅವರೇ. ಗಂಡನ ಮನೆ ಬಿಟ್ಟು ಬಂದು ಬೈರಿದೇವರಕೊಪ್ಪದಲ್ಲಿ ಬಾಡಿಗೆ ಮನೆ ಮಾಡಿಕೊಂಡು ತಾಯಿ ಶಿವಲಿಂಗವ್ವನನ್ನು ಸಾಕುತ್ತಿದ್ದರು. ಇವೆಲ್ಲ ನನಗೆ ಈಗ ಗೊತ್ತು. ಆಗ ಗೊತ್ತಿದ್ದದ್ದು ಇಷ್ಟೇ: ಗುರುಬಸವಣ್ಣನ ಹತ್ತಿರ ಒಬ್ಬಳು ಆಪರೇಟರ್ ಇದ್ದಾಳೆ. ನನ್ನ ಫೋನಿನಲ್ಲಿ ಅವರ ನಂಬರು ‘ಪ್ರೆಸ್ ಆಪರೇಟರ್’ ಎಂದೇ ಇತ್ತು. ಹೆಸರು ಕೇಳುವ ಗರಜು ನನಗೆ ಬಿದ್ದಿರಲಿಲ್ಲ.

ಗುರುಬಸವಣ್ಣನ ಪ್ರೆಸ್ಸಿನಲ್ಲಿ ಅಮಾವಾಸ್ಯೆಗೆ ಕೆಲಸವಿಲ್ಲ. ಆ ದಿನ ಯಂತ್ರಗಳಿಗೆ ಪೂಜೆ. ಕಂಪ್ಯೂಟರಿಗೂ ಮೂರು ಬೆರಳಿನ ವಿಭೂತಿ, ಮೇಲೊಂದು ಹೂವಿನ ಸರ, ಮುಂದೆ ಲಿಂಬೆಹಣ್ಣು. ಆಳುಗಳಿಗೆ ರಜೆ, ಮಾಲಕನೊಬ್ಬನೇ ಬಂದು, ಪೂಜೆ ಮಾಡಿ, ಕದ ಹಾಕಿಕೊಂಡು ಹೋಗಬೇಕು. ಯಂತ್ರಕ್ಕೆ ಆ ದಿನ ವಿದ್ಯುತ್ತು ಮುಟ್ಟಿಸಬಾರದು ಎಂಬುದು ಅವನೇ ಮಾಡಿದ ಕಟ್ಟಳೆ. ಹುಬ್ಬಳ್ಳಿಯ ಪ್ರೆಸ್ಸುಗಳಲ್ಲಿ ಇದೇನು ಹೊಸತಲ್ಲ. ಹೊಸತು ಎಂದರೆ ಇವನ ಭಕ್ತಿಯ ರಭಸ. ಎಂಟು ವರ್ಷದ ಹಿಂದೆ ಒಂದು ಅಮಾವಾಸ್ಯೆಗೆ ಕಾಯಿ ಒಡೆಯಲು ನೆಲದ ಕಲ್ಲು ಸಾಲದೆ ಕಂಪ್ಯೂಟರಿನ ಡಬ್ಬಿಯ ಪಕ್ಕದಲ್ಲೇ ಒಡೆದ. ಕಾಯಿಯ ನೀರೆಲ್ಲ ಡಬ್ಬಿಯೊಳಗೆ ಇಳಿದು ಹಾರ್ಡ್ ಡಿಸ್ಕು ಸತ್ತೇ ಹೋಯಿತು. "ದೇವರ ಪ್ರಸಾದಕ್ಕ ಕೆಡತೈತಿ ಅಂದ್ರ ಅದೆಂಥಾ ಮಶೀನರಿ?" ಎಂದು ನನ್ನನ್ನೇ ಜಬರಿಸಿದ. ಸತ್ತ ಡಿಸ್ಕಿನಲ್ಲಿದ್ದ ಕೆಲಸವನ್ನು ದಾಕ್ಷಾಯಿಣಿಯವರು ಮೂರು ತಿಂಗಳು ಕೂತು ಮತ್ತೆ ಟೈಪ್ ಮಾಡಿದರು. ಅದಾದ ಮೇಲೆ ಅವರೊಂದು ಪದ್ಧತಿ ಮಾಡಿಕೊಂಡಿದ್ದರಂತೆ. ಅದು ಏನೆಂದು ನನಗಾಗಲಿ ಅವನಿಗಾಗಲಿ ಗೊತ್ತಿರಲಿಲ್ಲ.

ಈಚೆಗೆ, ಮಂಗಳವಾರ ಅಮಾವಾಸ್ಯೆ ಮುಗಿದು ಬುಧವಾರ ಬೆಳಿಗ್ಗೆ, ಗುರುಬಸವಣ್ಣ ಫೋನ್ ಮಾಡಿ ಕೂಗಿಕೊಂಡ. ಹೋಗಿ ನೋಡಿದೆ. ಕಂಪ್ಯೂಟರಿನ ಪರದೆಯ ಅಂಚಿನಲ್ಲಿ ಹಿಂದಿನ ದಿನದ ವಿಭೂತಿ ಹಾಗೇ ಇತ್ತು. ಪರದೆಯೊಳಗೆ ಇಂಗ್ಲಿಷಿನಲ್ಲಿ ಒಂದು ಬೆದರಿಕೆ ಪತ್ರ: ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ಹಣ ಕೊಡಿ. ಯಾವ ಪತ್ರಿಕೆ ತೆರೆಯಲು ಹೋದರೂ ಬರೀ ಕಸ. ಲಗ್ನದ ಸುಗ್ಗಿ, ಇಪ್ಪತ್ತೆಂಟು ಮನೆಯವರ ಪತ್ರಿಕೆಗಳು ಅದರೊಳಗಿದ್ದವು. ದಾಕ್ಷಾಯಿಣಿಯವರು ಕುರ್ಚಿ ಬಿಟ್ಟು ಎದ್ದು ಗೋಡೆಗೆ ನಿಂತಿದ್ದರು.

ನಾನು ಯಂತ್ರ ಬಿಚ್ಚಲಿಲ್ಲ. ಒಳಗೆ ಏನು, ಯಾವಾಗ ಬಂತು ಎಂದು ನೋಡಲಿಲ್ಲ. ಬಾಗಿಲಲ್ಲಿ ನಿಂತೇ ತೀರ್ಪು ಕೊಟ್ಟೆ: "ಇದು ಆಪರೇಟರ್ ಕೆಲಸಾರಿ ಅಣ್ಣಾರ. ಯಾವದಾರ ಪೆನ್‌ಡ್ರೈವ್ ಹಾಕಿರತಾರ, ಇಲ್ಲಾ ಸಿನಿಮಾ ಇಳಿಸಿರತಾರ. ಎಲ್ಲಾ ಕಡೆ ಇದ ಹಣೆಬರಹ."

"ನಾ ಸೋಮವಾರ ಸಂಜಿಗೆ ಬಂದ್ ಮಾಡಿ ಹೋಗೇನ್ರಿ" ಎಂದರು ದಾಕ್ಷಾಯಿಣಿ. "ಆವಾಗ ಎಲ್ಲಾ ಛಲೋ ಇತ್ತು. ಬೇಕಾದ್ರ ತಗದ ನೋಡ್ರಿ."

"ವೈರಸ್ಸು ಒಳಗ ಮಲಕೊಂಡಿದ್ದು ಎರಡ ದಿನ ಬಿಟ್ಟ ಏಳತೈತ್ರಿ. ನಿಮಗ ತಿಳಿಯೂದಿಲ್ಲ" ಎಂದೆ. ಅಂಥ ವೈರಸ್ಸುಗಳೂ ಇರುವುದು ಸುಳ್ಳಲ್ಲ. ಆದರೆ ನಾನು ಆ ಮಾತು ಆಡಿದ್ದು ಅವರ ಬಾಯಿ ಮುಚ್ಚಿಸಲು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು ಗುರುಬಸವಣ್ಣ. ಐದು ನಿಮಿಷದಲ್ಲಿ ಹನ್ನೊಂದು ವರ್ಷದ ಆಪರೇಟರನ್ನು ಮನೆಗೆ ಕಳಿಸಿದ. ದಾಕ್ಷಾಯಿಣಿಯವರು ಊಟದ ಡಬ್ಬಿ ಎತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದರು. ಅಷ್ಟಕ್ಕೆ ಅವನಿಗೆ ತೃಪ್ತಿಯಾಗಲಿಲ್ಲ. ಹುಬ್ಬಳ್ಳಿ, ಧಾರವಾಡದ ಪ್ರೆಸ್ ಮಾಲಕರದ್ದೊಂದು ವಾಟ್ಸಾಪ್ ಬಳಗವಿದೆ. ಎಲ್ಲರ ಯಂತ್ರ ನೋಡುವವನೆಂದು ನನ್ನನ್ನೂ ಸೇರಿಸಿಕೊಂಡಿದ್ದಾರೆ. ಅದರಲ್ಲಿ ತನ್ನ ದಪ್ಪ ಧ್ವನಿಯಲ್ಲಿ ಹೇಳಿ ಹಾಕಿದ: "ನಮ್ಮ ಆಪರೇಟರ್ ದಾಕ್ಷಾಯಿಣಿ ಮಶೀನ್ ಕೆಡಿಸಿ ಕುಂತಾಳ. ಇಮಾಮಹುಸೇನವ್ರು ಖುದ್ದ ನೋಡಿ ಹೇಳ್ಯಾರ. ಯಾರೂ ಕೆಲಸಕ್ಕ ತಗೋಬ್ಯಾಡ್ರಿ." ಅದರ ಕೆಳಗೆ ನಾನು ಒಂದು ಹೆಬ್ಬೆರಳು ಎತ್ತಿದ ಚಿತ್ರ ಒತ್ತಿದೆ. ಖುದ್ದು ನೋಡಿರಲಿಲ್ಲ. ಆದರೂ ಒತ್ತಿದೆ.

ಕಂಪ್ಯೂಟರಿನ ಇಂಟರ್ನೆಟ್ ವೈರು ಕಿತ್ತು, "ಇದನ್ನ ಯಾರೂ ಮುಟ್ಟಬ್ಯಾಡ್ರಿ, ಸಂಜಿಗೆ ಬಂದ ಒಯ್ತೇನಿ" ಎಂದು ಹೇಳಿ ಬಂದೆ. ಸಂಜೆ ಹೋದರೆ ಗುರುಬಸವಣ್ಣ ಯುದ್ಧ ಗೆದ್ದವನ ಹಾಗೆ ಕೂತಿದ್ದ. ವೈರು ಅವನೇ ಮತ್ತೆ ಸಿಕ್ಕಿಸಿ, ಅದೇ ಯಂತ್ರದಲ್ಲಿ ಮೇಲ್, ಫೇಸ್‌ಬುಕ್, ಎಲ್ಲದರ ಪಾಸ್‌ವರ್ಡನ್ನು ಒಂದೊಂದೇ ಬೆರಳಲ್ಲಿ ಕುಟ್ಟಿ ಬದಲಿಸಿದ್ದನಂತೆ. ಎಲ್ಲಕ್ಕೂ ಒಂದೇ ಪಾಸ್‌ವರ್ಡು, ಅದೂ ತನ್ನ ಹೆಸರು, ಹಿಂದೆ ಒಂದು ಎರಡು ಮೂರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇವನು ಅದಕ್ಕೂ ಮಿಗಿಲು, ಕಳ್ಳ ಇನ್ನೂ ಒಳಗೇ ಇರುವಾಗ ಅವನೆದುರು ಹೊಸ ಬೀಗ ಹಾಕಿ ಕೀಲಿ ತೋರಿಸಿದ್ದ. ರಾತ್ರಿ ಎಂಟರೊಳಗೆ ಪ್ರೆಸ್ಸಿನ ಮೇಲ್ ಪರರ ಪಾಲಾಯಿತು. ಹಳೆಯ ಫೋನ್ ನಂಬರು ಕಿತ್ತು ಕಳ್ಳರು ತಮ್ಮ ನಂಬರು ಹಾಕಿಕೊಂಡಿದ್ದರು.

ಗುರುವಾರ ಇನ್ನೊಂದು ತಮಾಷೆ. ಪ್ರೆಸ್ಸಿನ ಕಂಪ್ಯೂಟರಿಗೂ ಜೋಡಿಸಿಟ್ಟಿದ್ದ ಗುರುಬಸವಣ್ಣನ ವಾಟ್ಸಾಪಿನಿಂದ ಒಂಬೈನೂರು ಜನರಿಗೆ ‘ಲಗ್ನಪತ್ರಿಕೆ’ ಎಂಬ ಹೆಸರಿನ ಫೈಲು ಹೋಗಿತ್ತು. ಒಳಗೆ ಇರುವುದು ಅದೇ ವಿಷ. ನಾನು ಅವನ ಫೋನಿನಿಂದ ಕಂಪ್ಯೂಟರಿನ ಕೊಂಡಿ ಕಡಿದು ಹಾಕಿದ್ದು ಎರಡು ನಿಮಿಷದ ಕೆಲಸ. ಬೀಗರ ಸಿಟ್ಟು ಇಳಿಸಲು ಅವನಿಗೆ ಎರಡು ದಿನ ಹಿಡಿಯಿತು. "ಯಾರ ಲಗ್ನಾ ಅಣ್ಣಾ? ಮನಿಗೆ ಬಂದ ಅಕ್ಷತಾ ಕೊಟ್ಟ ಕರೀದ ಫೋನಿನ್ಯಾಗ ಕಳಸ್ತೀಯೇನು?" ಎಂದು ಅವನ ತಂಗಿ ಅಳುತ್ತಿದ್ದುದು ನನಗೂ ಕೇಳುತ್ತಿತ್ತು. ಹೆಚ್ಚಿನವರು ಕರೆದ ರೀತಿ ಸರಿಯಿಲ್ಲವೆಂದು ಮುನಿಸಿಕೊಂಡು ಫೈಲನ್ನು ತೆರೆಯಲೇ ಇಲ್ಲ. ನಮ್ಮ ಮಂದಿಯನ್ನು ಬುದ್ಧಿ ಯಾವತ್ತೂ ಕಾಪಾಡಿಲ್ಲ. ಈ ಸಲ ಸೊಕ್ಕು ಕಾಪಾಡಿತು.

ಶುಕ್ರವಾರ ಸೈಬರ್ ಪೊಲೀಸರಿಗೆ ದೂರು ಕೊಟ್ಟೆವು. ಅವರು ಬರೆದುಕೊಂಡು ರಸೀದಿ ಕೊಟ್ಟರು. ಗುರುಬಸವಣ್ಣ ಅದಕ್ಕೆ ಲ್ಯಾಮಿನೇಶನ್ ಮಾಡಿಸಿದ.

ಉಳಿದದ್ದು ಮೇಲ್. ಗಿರಾಕಿಗಳು ಕಳಿಸಿದ ಒಕ್ಕಣೆ, ಫೋಟೊ, ಹಳೆಯ ಪ್ರೂಫು ಎಲ್ಲ ಅದರಲ್ಲಿ. ಹೀಗೆ ಕಳೆದುಹೋದ ಮೇಲ್ ಮರಳಿ ಪಡೆಯಲು ಒಂದು ದಾರಿ ಇದೆ. ಕಳ್ಳರು ನಂಬರು ಬದಲಿಸಿದರೂ ಏಳು ದಿನದವರೆಗೆ ಹಳೆಯ ನಂಬರಿಗೆ ಗುಟ್ಟಿನ ಸಂಖ್ಯೆ ತರಿಸಿಕೊಳ್ಳಬಹುದು; ಅದನ್ನು ಕೊಟ್ಟರೆ ಮೇಲ್ ನಮ್ಮದು. ಏಳು ದಿನ ದಾಟಿತೋ, ದೇವರೇ ಗತಿ. ಬುಧವಾರ ಸಂಜೆ ಹೋದದ್ದು, ಮುಂದಿನ ಬುಧವಾರ ಸಂಜೆಯೇ ಕೊನೆ. ಶನಿವಾರ ಪ್ರಯತ್ನ ಮಾಡಿದಾಗ ಪರದೆಯ ಮೇಲೆ ಬಂತು: ನಲವತ್ತೇಳರಲ್ಲಿ ಮುಗಿಯುವ ನಂಬರಿಗೆ ಸಂಖ್ಯೆ ಕಳಿಸಬೇಕೆ?

"ಅದು ನಂದ ಹಳೇ ಸಿಮ್ಮರಿ" ಎಂದ ಗುರುಬಸವಣ್ಣ, ಕಣ್ಣು ಮಿಟುಕಿಸದೆ. ಶನಿವಾರ, ಭಾನುವಾರ ಎರಡೂ ದಿನ ಮನೆಯ ಕಪಾಟು, ತಿಜೋರಿ, ಹೆಂಡತಿಯ ಸೀರೆಯ ಮಡಿಕೆಗಳನ್ನೆಲ್ಲ ಕೆದರಿಸಿದ. ತನ್ನ ಪ್ರೆಸ್ಸಿನ ಮೇಲ್ ಯಾವ ನಂಬರಿನ ಮೇಲೆ ನಿಂತಿದೆ ಎಂಬುದು ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ, ಇಲ್ಲದ ಸಿಮ್ಮು ಹುಡುಕುವುದು ಅವನಿಗೆ ಸುಲಭವಾಗಿತ್ತು.

ಸೋಮವಾರ ನಾನು ಅಂಗಡಿಗೆ ಒಯ್ದಿಟ್ಟಿದ್ದ ಆ ಯಂತ್ರದ ಡಿಸ್ಕು ಕಳಚಿ ಬೇರೆ ಕಂಪ್ಯೂಟರಿಗೆ ಹಚ್ಚಿದೆ, ಒಂದೆರಡು ಫೈಲಾದರೂ ಉಳಿದಿವೆಯೇ ಎಂದು ನೋಡಲು. ಒಂದೂ ಉಳಿದಿರಲಿಲ್ಲ. ಆದರೆ ಆ ವಿಷದ ಫೈಲು ಬಂದು ಕೂತ ಜಾಗ ಸಿಕ್ಕಿತು. ಹೆಸರು ‘ಲಗ್ನಪತ್ರಿಕೆ’. ಬಂದದ್ದು ಮಂಗಳವಾರ, ಮಧ್ಯಾಹ್ನ ಹನ್ನೆರಡೂ ಹತ್ತು. ತೆರೆದದ್ದು ಹನ್ನೆರಡೂ ಹನ್ನೊಂದು.

ಮಂಗಳವಾರ ಅಮಾವಾಸ್ಯೆ. ಆ ದಿನ ಪ್ರೆಸ್ಸಿನಲ್ಲಿ ಇರುವವನು ಒಬ್ಬನೇ.

ಬುಧವಾರ ಬೆಳಿಗ್ಗೆ ಪರದೆಯ ಅಂಚಿನ ವಿಭೂತಿಯನ್ನು ನಾನು ಕಣ್ಣಾರೆ ಕಂಡಿದ್ದೆ. ‘ತಗದ ನೋಡ್ರಿ’ ಎಂದು ಆ ಹೆಣ್ಣುಮಗಳು ಹೇಳಿದ್ದರು. ತೆಗೆದು ನೋಡಲು ಬೇಕಾಗಿದ್ದದ್ದು ಹತ್ತು ನಿಮಿಷ. ಹತ್ತು ನಿಮಿಷ ಉಳಿಸಿಕೊಂಡು ಒಬ್ಬರ ಅನ್ನ ಕಿತ್ತಿದ್ದೆ. ನಾಚಿಕೆ ಎಂಬುದು ನನಗೆ ಬಹಳ ವರ್ಷದಿಂದ ರೂಢಿ ಇಲ್ಲ. ಆ ದಿನ ಮುಖ ಬಿಸಿಯಾಯಿತು. ಫೋನು ತೆಗೆದು, ನಲವತ್ತೇಳರಲ್ಲಿ ಮುಗಿಯುವ ನಂಬರು ನನ್ನಲ್ಲಿ ಯಾವುದಿದೆ ಎಂದು ಹುಡುಕಿದೆ. ಒಂದೇ ಇತ್ತು. ‘ಪ್ರೆಸ್ ಆಪರೇಟರ್’.

ಕಮರಿಪೇಟೆಗೆ ಹೋಗಿ ಗುರುಬಸವಣ್ಣನನ್ನು ಕೇಳಿದೆ: "ಅಮಾಸಿ ದಿನಾ ಕಂಪ್ಯೂಟರ್ ಹಚ್ಚಿದ್ರೇನ್ರಿ ಅಣ್ಣಾರ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹಣೆಯ ವಿಭೂತಿ ಮುಟ್ಟಿಕೊಂಡ. "ಯಾರ ಹೇಳಿದ್ರು? ಪೂಜಾ ಮಾಡಿ ಹೋಗೇನಿ ನಾ."

ಡಿಸ್ಕಿನಲ್ಲಿ ಕಂಡ ದಿನ, ಗಂಟೆ ಹೇಳಿದೆ. ಸ್ವಲ್ಪ ಹೊತ್ತು ತಿರುಗುಕುರ್ಚಿಯನ್ನು ಆಚೆ ಈಚೆ ತಿರುಗಿಸಿದ.

"ದ್ಯಾಮಣ್ಣಂದು ಪತ್ರಿಕಿ ಬಂದಿತ್ರಿ" ಎಂದ ಕೊನೆಗೆ.

ದ್ಯಾಮಣ್ಣ ಅವನ ದೂರದ ನೆಂಟ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪೈಪಿನ ಕಾರ್ಖಾನೆ ಇಟ್ಟು ದೊಡ್ಡವನಾದವನು. ಹಿಂದೆ ತನ್ನ ಮನೆಯ ಎರಡು ಲಗ್ನಕ್ಕೆ ಗುರುಬಸವಣ್ಣನನ್ನು ಕರೆದಿರಲಿಲ್ಲ. ಪತ್ರಿಕೆಯನ್ನೂ ಬೇರೆಯವರ ಹತ್ತಿರ ಮಾಡಿಸಿದ್ದ. ಆ ಗಾಯವನ್ನು ಇವನು ವರ್ಷಗಟ್ಟಲೆ ನೆಕ್ಕಿಕೊಂಡಿದ್ದವನು. ದ್ಯಾಮಣ್ಣನ ವಾಟ್ಸಾಪಿನಿಂದ ‘ಲಗ್ನಪತ್ರಿಕೆ’ ಎಂದು ಬಂದದ್ದೇ ತಡ, ಕೈಯಲ್ಲಿದ್ದ ಮಂಗಳಾರತಿ ಕೆಳಗಿಟ್ಟ. ಆ ವಾಟ್ಸಾಪಿಗೆ ಕಳ್ಳರು ಮೊದಲೇ ನುಗ್ಗಿದ್ದಾರೆಂದು ಅವನಿಗೇನು ಗೊತ್ತು.

"ಫೋನಿನ್ಯಾಗ ತಗೀಲಿಲ್ರಿ. ದೊಡ್ಡ ಮಶೀನಿನ್ಯಾಗ ತಗದ್ನಿ. ಏನೋ ಇಂಗ್ಲಿಷಿನ್ಯಾಗ ಕೇಳ್ತು, ಹೌದು ಅಂತ ಒತ್ತಿದ್ನಿ. ಲಗ್ನಪತ್ರಿಕಿ ಬಂದಾಗ ತಗೀದ ಇರಾಕ ಆಗತೈತೇನ್ರಿ? ಮಂದಿ ಏನಂತಾರ?"

ಮೂವತ್ತು ವರ್ಷ ಲಗ್ನಪತ್ರಿಕೆ ಅಚ್ಚು ಹಾಕಿದ ಮನುಷ್ಯ. ಬೇರೆಯವರ ಪತ್ರಿಕೆಯ ಅಂಚು ಅರ್ಧ ನೂಲು ವಾರೆಯಾದರೆ ದೂರದಿಂದ ಹಿಡಿಯುವವನು. ತನ್ನನ್ನು ಕರೆದಿದ್ದಾರೆ ಎಂದ ಕೂಡಲೇ ಎರಡೂ ಕಣ್ಣು ಹೋಗಿದ್ದವು. ಬುಧವಾರ ದಾಕ್ಷಾಯಿಣಿಯವರನ್ನು ಮನೆಗೆ ಕಳಿಸುವಾಗ ಅವನಿಗೆ ತಾನು ಏನು ಒತ್ತಿದ್ದೆ ಎಂಬುದು ಚೆನ್ನಾಗಿ ನೆನಪಿತ್ತು. ನನಗೆ ಅವನ ಮೇಲೆ ಹೇಸಿಗೆ ಹುಟ್ಟಿತು. ಅವನ ಜೊತೆ ಹೆಬ್ಬೆರಳು ಎತ್ತಿದವನು ನಾನೇ ಎಂಬುದು ಆ ಹೇಸಿಗೆಯನ್ನು ಕಡಿಮೆ ಮಾಡಲಿಲ್ಲ.

ಮಂಗಳವಾರ ಬೆಳಿಗ್ಗೆ ಇಬ್ಬರೂ ಚಿಗರಿ ಬಸ್ಸು ಹತ್ತಿ ಬೈರಿದೇವರಕೊಪ್ಪಕ್ಕೆ ಹೋದೆವು. ಕೈಯಲ್ಲಿದ್ದದ್ದು ಒಂದೂವರೆ ದಿನ. ಮೊದಲ ಮಹಡಿಯ ಎರಡು ಕೋಣೆ. ಶಿವಲಿಂಗವ್ವ ಬಾಗಿಲು ತೆರೆದು ನಮ್ಮನ್ನು ನೋಡಿ ಒಳಗೆ ಹೋದಳು. ಚಹಾ ಮಾಡಲಿಲ್ಲ. ಧಾರವಾಡದ ಸೀಮೆಯಲ್ಲಿ ಮನೆಗೆ ಬಂದವರಿಗೆ ಚಹಾ ಕೊಡದಿರುವುದು ಎಂದರೆ ಬೈಗುಳ ದಂಡ ಯಾಕೆ ಎಂದು ಉಳಿಸಿಕೊಂಡಂತೆ.

ಗುರುಬಸವಣ್ಣ ಗಂಟಲು ಸರಿಮಾಡಿಕೊಂಡ. "ಆಗಿದ್ದ ಆಗಿ ಹೋತು ದಾಕ್ಷಾಯಿಣಿ. ನಾಳಿಂದ ಕೆಲಸಕ್ಕ ಬಾ. ಈಗ ನಿನ್ನ ಫೋನಿಗೆ ಒಂದ ನಂಬರ ಬರತೈತಿ, ಅಷ್ಟ ಹೇಳಿಬಿಡು."

"ಓಟಿಪಿ ಯಾರಿಗೂ ಹೇಳಬಾರದಂತ್ರಿ ಅಣ್ಣಾರ" ಎಂದರು ದಾಕ್ಷಾಯಿಣಿ. "ಮೇಲ್ ಮಾಡುವಾಗ ನಿಮ್ಮ ನಂಬರ ಕೇಳಿದ್ನಿ. ‘ನಿಂದ ಹಾಕೊ, ನನಗ್ಯಾಕ ಆ ಕಿರಿಕಿರಿ’ ಅಂದಿದ್ರಿ."

ಅವನು ಟೊಪ್ಪಿಗೆ ಎಳೆದು ಕೂರಿಸಿಕೊಂಡ. ಅವರೇ ಮುಂದುವರಿಸಿದರು: "ಈ ವಾರದಾಗ ಮೂರು ಪ್ರೆಸ್ಸಿಗೆ ಹೋಗಿ ಬಂದೇನ್ರಿ. ಮೂರೂ ಕಡೆ ಕೂಡ್ರಿ ಅನ್ನಲಿಲ್ಲ. ‘ಗ್ರೂಪಿನ್ಯಾಗ ಬಂದೈತಿ’ ಅಂದ್ರು. ಒಬ್ಬರು ನನಗ ತೋರಿಸಿದ್ರು. ನಿಮ್ಮ ಧ್ವನಿ ಐತಿ. ಅದರ ಕೆಳಗ ಇವರ ಹೆಬ್ಬೆರಳ ಐತಿ."

ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

"ಪಗಾರ ಹೆಚ್ಚ ಮಾಡ್ತೇನಿ" ಎಂದ ಗುರುಬಸವಣ್ಣ.

"ಪಗಾರದ ಮಾತಲ್ಲರಿ. ನಾ ಕೆಡಿಸಿಲ್ಲ ಅಂತ ಅದ ಗ್ರೂಪಿನ್ಯಾಗ ಬರಬೇಕು. ಅಲ್ಲೀತನಕಾ ಈ ಊರಾಗ ನನಗ ಯಾರೂ ಕೆಲಸ ಕೊಡಂಗಿಲ್ಲ."

"ಅಷ್ಟ ಮಂದಿ ಮುಂದ ನಾ ಹ್ಯಾಂಗ..." ಎಂದು ಅವನು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನೀವು ಬ್ಯಾಡ್ರಿ. ನೀವು ಹಾಕಿದ್ರ, ಆಪರೇಟರ್ ಗರಜ ಬಿತ್ತು, ಅದಕ್ಕ ಹಾಕ್ಯಾರ ಅಂತಾರ. ಅವತ್ತ ಎಲ್ಲಾರೂ ನಂಬಿದ್ದು ನಿಮ್ಮನ್ನಲ್ಲರಿ." ಈಗ ನನ್ನ ಕಡೆ ತಿರುಗಿದರು. "ಕಂಪ್ಯೂಟರ್ ತಿಳಿದವ್ರು ನೀವು. ನೀವು ಹಾಕ್ರಿ."

ನಾನು ಫೋನು ತೆಗೆದು ಬರೆಯತೊಡಗಿದೆ. ‘ಹೆಚ್ಚಿನ ಪರಿಶೀಲನೆಯ ನಂತರ ತಿಳಿದುಬಂದಿರುವುದೇನೆಂದರೆ, ಸದರಿ ತೊಂದರೆಗೆ ಬಹುಶಃ ಆಪರೇಟರ್ ಕಾರಣರಲ್ಲ.’ ಓದಿ ತೋರಿಸಿದೆ. ಇಪ್ಪತ್ತೆರಡು ವರ್ಷ ಗಿರಾಕಿಗಳ ಬಾಯಲ್ಲಿ ಕೇಳಿದ ಭಾಷೆ ನನಗೇ ಗೊತ್ತಿಲ್ಲದೆ ನನ್ನ ಬೆರಳಿಗೆ ಬಂದಿತ್ತು.

ದಾಕ್ಷಾಯಿಣಿಯವರು ಫೋನು ತೆಗೆದುಕೊಂಡು, ಪ್ರೂಫ್ ನೋಡುವವರ ಹಾಗೆ ಎರಡು ಸಲ ಓದಿದರು. "‘ಬಹುಶಃ’ ಅಂದ್ರ ಏನರಿ? ನೀವು ಅವತ್ತ ಬಹುಶಃ ಅಂದಿರಲಿಲ್ಲ. ಮತ್ತ ಇದರಾಗ ತಪ್ಪ ಯಾರದು ಅಂತ ಇಲ್ಲ." ಫೋನು ತಿರುಗಿ ಕೊಟ್ಟರು.

ಅಳಿಸಿದೆ. ಮತ್ತೆ ಬರೆದೆ: ‘ಕಳೆದ ಬುಧವಾರ ದಾಕ್ಷಾಯಿಣಿಯವರ ಬಗ್ಗೆ ನಾನು ಹೇಳಿದ್ದು ಸುಳ್ಳು. ಯಂತ್ರ ತೆಗೆದು ನೋಡದೆ ಹೇಳಿದೆ. ಈಗ ನೋಡಿದ್ದೇನೆ. ಫೈಲು ತೆರೆದದ್ದು ಅಮಾವಾಸ್ಯೆಯ ದಿನ ಮಧ್ಯಾಹ್ನ. ಆ ದಿನ ಅವರು ಪ್ರೆಸ್ಸಿನ ಹತ್ತಿರವೂ ಬಂದಿಲ್ಲ. ತಪ್ಪು ನನ್ನದು. ಇಮಾಮಹುಸೇನ.’

ಕೊನೆಯ ಎರಡು ಪದ ಒತ್ತುವಾಗ ಬೆರಳು ನಿಂತಿತು. ನಿಜ ಹೇಳುತ್ತೇನೆ, ಅದಕ್ಕಿಂತ ಕಷ್ಟದ ರಿಪೇರಿ ನಾನು ಮಾಡಿಲ್ಲ. ಗುರುಬಸವಣ್ಣ ಪಕ್ಕದಿಂದ ಇಣುಕಿ, "ಅಮಾಸಿ ಅಂತ ಯಾಕ ಹಾಕ್ತೀರಿ? ಅಮಾಸಿಗೆ ಪ್ರೆಸ್ಸಿನ್ಯಾಗ ಯಾರ ಇರತಾರ ಅಂತ ಎಲ್ಲಾರಿಗೂ ಗೊತ್ತೈತಿ!" ಎಂದು ಕೈ ಹಿಡಿಯಲು ಬಂದ. ಅದಕ್ಕೇ ಹಾಕಿದ್ದೆ. ಕಳಿಸಿಬಿಟ್ಟೆ.

ಆಮೇಲೆ ದಾಕ್ಷಾಯಿಣಿಯವರು ತಮ್ಮ ಫೋನಿಗೆ ಬಂದ ಸಂಖ್ಯೆಯನ್ನು ಓದಿ ಹೇಳಿದರು. ನನ್ನ ಚೀಲದಲ್ಲಿದ್ದ ಲ್ಯಾಪ್‌ಟಾಪಿನಲ್ಲಿ ಮೇಲ್ ತೆರೆಯಿತು. ಕಳ್ಳರ ನಂಬರು ಕಿತ್ತೆ, ಅವರು ಹೊಕ್ಕಿದ್ದ ಕಡೆಯಿಂದೆಲ್ಲ ಹೊರಗೆ ಹಾಕಿದೆ. ಗುರುಬಸವಣ್ಣ ಹೊಸ ಪಾಸ್‌ವರ್ಡು ಹೊಡೆಯುವಾಗ ಅವರು ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಅದು ಮುಗಿದ ಮೇಲೆ, "ಇನ್ನ ನನ್ನ ನಂಬರ ತಗೀರಿ, ಅಣ್ಣಾರದು ಹಾಕ್ರಿ" ಎಂದರು.

"ಅದ್ಯಾಕ? ನೀ ನಾಳಿಗೆ ಬರಾಕಿ ಅದೀಯಲ್ಲ?" ಎಂದ ಗುರುಬಸವಣ್ಣ.

"ಇಲ್ಲರಿ."

ಅಷ್ಟು ಹೇಳಿ ಒಳಗೆ ಹೋಗಿ, ದೇವರ ಜಗಲಿಯ ಪಕ್ಕದಿಂದ ಒಂದು ತಗಡಿನ ಡಬ್ಬಿ ತಂದು ನನ್ನ ಮುಂದಿಟ್ಟರು. ಒಳಗೆ ಅಂಗೈಯಗಲದ ಹಾರ್ಡ್ ಡಿಸ್ಕು. ಮೇಲೆ ಅಂಟಿಸಿದ ಚೀಟಿಯಲ್ಲಿ ಅವರ ಅಕ್ಷರ: ಸೋಮವಾರದ ತಾರೀಖು. ಅಮಾವಾಸ್ಯೆಯ ಹಿಂದಿನ ದಿನ.

"ಆ ಕಾಯಿ ನೀರಿನ ಅಮಾಸಿ ಆದ ಮ್ಯಾಲಿಂದ, ಅಮಾಸಿ ಹಿಂದಿನ ದಿನಾ ಎಲ್ಲಾ ಇದರಾಗ ಇಳಿಸಿಕೊಂಡ ಮನಿಗೆ ತರತೇನ್ರಿ" ಎಂದರು. "ಪೂಜಾದಾಗ ಏನಾಗತೈತೋ ಅಂತ ಹೆದರಿಕಿ. ಇಪ್ಪತ್ತೆಂಟೂ ಮನಿಯವರ ಪತ್ರಿಕಿ ಅದಾವ. ಪಾಪ, ಅವರದೇನ ತಪ್ಪೈತಿ? ಇಳಿಸಿಕೊಂಡ ಡಿಸ್ಕ್ ತಿರುಗಿ ಕೊಡ್ರಿ. ಅದು ನನ್ನ ರೊಕ್ಕದ್ದು."

ಎಂಟು ವರ್ಷ. ಪ್ರತಿ ತಿಂಗಳು. ಗುರುಬಸವಣ್ಣನ ಭಕ್ತಿಗೆ ಹೆದರಿ ಮಾಡಿಕೊಂಡ ಪದ್ಧತಿ ಗುರುಬಸವಣ್ಣನನ್ನೇ ಉಳಿಸಿತು. ನನ್ನ ಗಿರಾಕಿಗಳಿಗೆ ಗಂಟಲು ಹರಿದುಕೊಂಡು ಹೇಳುತ್ತೇನೆ, ನಕಲು ತೆಗೆದು ಬೇರೆ ಕಡೆ ಇಡಿ ಎಂದು. ಕೇಳಿದವರನ್ನು ಕಂಡಿರಲಿಲ್ಲ. ಕಂಡಾಗ ಅವರನ್ನೇ ತಪ್ಪಿತಸ್ಥರೆಂದು ಕರೆದೆ.

ಬರುವಾಗ ಬಸ್ಸಿನಲ್ಲಿ ಗುರುಬಸವಣ್ಣ, "ನೋಡಿದ್ರೇನ್ರಿ ಆಕಿ ಸೊಕ್ಕು? ಕೆಲಸ ಕೊಡ್ತೇನಿ ಅಂದ್ರ ಬ್ಯಾಡ ಅಂತಾಳ" ಎಂದು ಸಿಡಿಮಿಡಿಗೊಂಡ. ಆಮೇಲೆ, "ದ್ಯಾಮಣ್ಣನ ಮನ್ಯಾಗ ಖರೇ ಲಗ್ನ ಇರಲೇ ಇಲ್ಲಂತ್ರಿ" ಎಂದ, ಇನ್ನೂ ಅದೇ ಕೊರಗು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಅವನ ಯಂತ್ರ ತೊಳೆದು, ಹೊಸದಾಗಿ ಎಲ್ಲ ಹಾಕಿ, ಪತ್ರಿಕೆಗಳನ್ನು ಇಳಿಸಿಕೊಟ್ಟೆ. ಇಪ್ಪತ್ತೆಂಟು ಮನೆಯ ಲಗ್ನ ನಿಲ್ಲಲಿಲ್ಲ. ಅವನು ಈಗಲೂ ಅದೇ ತಿರುಗುಕುರ್ಚಿಯಲ್ಲಿ ಕೂತು, ವೈರಸ್ಸು ಗಾಳಿಯಿಂದ ಬಂದಿತ್ತು ಎಂದು ಹೇಳುತ್ತಾನೆ.

ಡಿಸ್ಕು ಮರಳಿಸಲು ಹೋದಾಗ ದಾಕ್ಷಾಯಿಣಿಯವರು ಬೈರಿದೇವರಕೊಪ್ಪದಲ್ಲೇ ಒಂದು ಹೊಸ ಪ್ರೆಸ್ಸಿನಲ್ಲಿದ್ದರು. ನನ್ನ ಸಂದೇಶ ಬಂದ ಮೂರನೇ ದಿನ ಅಲ್ಲಿಂದ ಕರೆ ಬಂದಿತ್ತಂತೆ. ಡಿಸ್ಕು ಕೊಟ್ಟು, "ಎಲ್ಲಾ ಸರಿ ಐತ್ರಿ ಅಕ್ಕಾರ, ನಾ ನೋಡೇನಿ" ಎಂದೆ.

"ನೀವು ನೋಡೀರಿ ಅಂದ್ರ ಸಾಲದ್ರಿ" ಎಂದರು, ಸಿಟ್ಟಿಲ್ಲದೆ. "ನಾನೂ ನೋಡ್ತೇನಿ."

ಡಿಸ್ಕನ್ನು ಯಂತ್ರಕ್ಕೆ ಸಿಕ್ಕಿಸಿ, ಮೊದಲು ವೈರಸ್ಸು ಇದೆಯೇ ಎಂದು ಪರೀಕ್ಷೆ ಮಾಡಿ, ಆಮೇಲೆ ಒಂದೊಂದೇ ಫೈಲು ತೆರೆದು ನೋಡತೊಡಗಿದರು. ಬಹಳ ಹೊತ್ತಿನ ಕೆಲಸ. ಪಕ್ಕದಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಕೂಡ್ರಿ ಎಂದು ಅವರು ಅನ್ನಲಿಲ್ಲ, ಕೂಡಲು ನನಗೂ ಮುಖವಿರಲಿಲ್ಲ. ಕೊನೆಯ ಫೈಲು ಮುಗಿಯುವವರೆಗೆ ಬಾಗಿಲ ಹತ್ತಿರವೇ ನಿಂತಿದ್ದೆ.